ಹುಟ್ಟುಹಬ್ಬಕ್ಕೆ ಟವರ್ ಮೇಲಿನ ಊಟ

"ಅಕ್ಕ, ಕೆನಡಾದ ಬ್ರಾಂಪ್ಟನ್‌ಗೆ ಬಂದು ಐದು ತಿಂಗಳಾಯ್ತು. ಅಕ್ಟೋಬರ್‌ನಲ್ಲಿ ಇವರ ಹುಟ್ಟುಹಬ್ಬ. ಅತ್ತೆ ಮಾವನೂ ಊರಿಂದ ಬಂದಿದ್ದಾರೆ. ಎಲ್ಲರೂ ಟೊರೊಂಟೊದ ಸಿಎನ್ ಟವರ್ ಮೇಲೆ ಊಟಕ್ಕೆ ಹೋಗೋಣ ಅಂದ್ರೆ ಇವರು ದುಡ್ಡು ದಂಡ ಅಂತಾರೆ. ನೀವೆಲ್ಲ ಇಲ್ಲಿ ಹೇಗೆ ಮಾಡ್ತೀರ?" ಅಂತ ಕೇಳಿದ್ದೀರಿ.

ಹೋಗಿಬನ್ನಿ. ನಾನು ನಿಮ್ಮ ಪಕ್ಕದ ಮಿಸ್ಸಿಸಾಗಾಗೆ ಬಂದು ಹತ್ತೊಂಬತ್ತು ವರ್ಷ. ಮೊದಮೊದಲು ನಾವೂ "ಮುಂದಿನ ವರ್ಷ ನೋಡೋಣ" ಅಂತಲೇ ತಳ್ಳಿದೆವು. ಅಷ್ಟರಲ್ಲಿ ಮಾವ ಊರಿಗೆ ವಾಪಸ್ ಹೋದರು, ಮತ್ತೆ ಬರಲಾಗಲಿಲ್ಲ. ಅತ್ತೆಯನ್ನು ಮಾತ್ರ ಕರೆದುಕೊಂಡು ಹೋದೆವು, ನಮ್ಮವರ ನಲವತ್ತನೇ ಹುಟ್ಟುಹಬ್ಬಕ್ಕೆ.

ಲೆಕ್ಕ ಮಾತ್ರ ಮೊದಲೇ ಗೊತ್ತಿರಲಿ. ಮೆನುವಿನಲ್ಲಿ 100 ಡಾಲರ್ ಅಂತಿದ್ದರೆ ಅದು 100 ಅಲ್ಲ. ಮೇಲೆ 13 ಪರ್ಸೆಂಟ್ ಟ್ಯಾಕ್ಸ್. 113 ಆಯ್ತು. ಆಮೇಲೆ ಕಾರ್ಡ್ ಮೆಷಿನ್ ಕೈಗೆ ಕೊಟ್ಟು ಟಿಪ್ ಕೇಳುತ್ತಾರೆ. ಎಷ್ಟೋ ಕಡೆ ಅದರಲ್ಲಿ ಕಾಣೋದು 18, 20, 22 ಪರ್ಸೆಂಟ್. ಆ ಮೆಷಿನ್ ಲೆಕ್ಕ ಹಾಕೋದೂ ಸಾಮಾನ್ಯವಾಗಿ ಟ್ಯಾಕ್ಸ್ ಸೇರಿದ ಮೊತ್ತದ ಮೇಲೆ. 18 ಒತ್ತಿದರೂ 133 ದಾಟುತ್ತದೆ. ಬೇರೆ ಮೊತ್ತ ಹಾಕುವ ಬಟನ್ ಇರುತ್ತದೆ, 15 ಹಾಕಿದರೆ ಯಾರೂ ಮುಖ ಗಂಟು ಹಾಕಲ್ಲ. ಇನ್ನು ರೂಪಾಯಿಗೆ ಗುಣಿಸುವುದಿದ್ದರೆ ಮನೆಯಲ್ಲೇ ಗುಣಿಸಿ ಮುಗಿಸಲಿ ಅಂತ ನಿಮ್ಮವರಿಗೆ ಹೇಳಿ. ನಮ್ಮವರು ಮೆನು ಹಿಡಿದು ಬಾಯಲ್ಲೇ ಗುಣಾಕಾರ ಶುರು ಮಾಡಿದ್ದು ಕೇಳಿ ಅತ್ತೆ "ನಂಗೆ ನೀರು ಸಾಕಪ್ಪ" ಅಂದುಬಿಟ್ಟಿದ್ದರು! ನೀರು ಅಂದಾಗ ನೆನಪಾಯ್ತು. "ಸ್ಟಿಲ್ಲಾ, ಸ್ಪಾರ್ಕ್ಲಿಂಗಾ" ಅಂತ ಕೇಳಿದರೆ "ಟ್ಯಾಪ್ ವಾಟರ್" ಅನ್ನಿ, ಅಂದರೆ ನಲ್ಲಿ ನೀರು. ಉಳಿದೆರಡು, ಬಾಟಲಿಯ ಸಾದಾ ನೀರು, ಗ್ಯಾಸ್ ನೀರು, ಎರಡಕ್ಕೂ ದುಡ್ಡು.

ಅತ್ತೆ ಮಾವ ಸಸ್ಯಾಹಾರಿಗಳಾದರೆ ಬರೀ "ವೆಜಿಟೇರಿಯನ್" ಅಂದರೆ ಸಾಲದು. ಮಾಂಸ, ಮೀನು, ಮೊಟ್ಟೆ ಬೇಡ ಅಂತ ಒಂದೊಂದೇ ಹೆಸರು ಹೇಳಿ, ಅದೂ ಟೇಬಲ್ ಬುಕ್ ಮಾಡುವಾಗಲೇ. ಒಮ್ಮೆ ಬೇರೆ ಯಾವುದೋ ರೆಸ್ಟೋರೆಂಟಿನಲ್ಲಿ ಅತ್ತೆಗೆ ಸೀಸರ್ ಸಲಾಡ್ ಕೊಡಿಸಿದ್ದೆ. ಎಲೆ, ಬ್ರೆಡ್ಡು, ಚೀಸು, ಇನ್ನೇನಿರುತ್ತೆ ಅಂದುಕೊಂಡೆ. ಅರ್ಧ ತಿಂದ ಮೇಲೆ ಗೊತ್ತಾಯ್ತು, ಆ ಡ್ರೆಸ್ಸಿಂಗಿನಲ್ಲಿ ಆಂಚೋವಿ ಮೀನು ಅರೆದು ಹಾಕಿರುತ್ತಾರೆ. ನಾನು ಅವರಿಗೆ ಇವತ್ತಿಗೂ ಹೇಳಿಲ್ಲ. ನೀವೂ ಹೇಳಬೇಡಿ! ಕೇಕಿಗೂ ಅಷ್ಟೆ, ಮೊಟ್ಟೆ ಇಲ್ಲದ್ದು ಬೇಕಿದ್ದರೆ ಬೆಳಗ್ಗೆ ಮನೆಯಲ್ಲೇ ಕತ್ತರಿಸಿ. ಹೊರಗಿಂದ ಕೇಕ್ ತಂದರೆ ಕೆಲವು ಕಡೆ ಕತ್ತರಿಸಿ ಕೊಡೋದಕ್ಕೂ ದುಡ್ಡು ಹಾಕುತ್ತಾರೆ.

ಇನ್ನು ಟವರ್. ಬ್ರಾಂಪ್ಟನ್‌ನಿಂದ ಗೋ ಅನ್ನುವ ಲೋಕಲ್ ರೈಲಿನಲ್ಲಿ ಟೊರೊಂಟೊದ ಯೂನಿಯನ್ ಸ್ಟೇಷನ್‌ಗೆ ಬನ್ನಿ, ಅಲ್ಲಿಂದ ಸ್ಕೈವಾಕ್ ಅನ್ನುವ ಮುಚ್ಚಿದ ಕಾಲುದಾರಿಯಲ್ಲಿ ನಡೆದೇ ಹೋಗಬಹುದು. ಕಾರ್ ತಂದರೆ ಪಾರ್ಕಿಂಗ್‌ಗೇ ಒಂದು ಊಟದ ದುಡ್ಡು. ಲಿಫ್ಟ್ ಒಂದು ನಿಮಿಷವೂ ತಗೊಳ್ಳಲ್ಲ, ಕಿವಿ ಗುಂಯ್ ಅನ್ನುತ್ತದೆ. ಸ್ಟಾರ್ಟರ್‌ನಿಂದ ಸಿಹಿವರೆಗೆ ಒಂದೇ ಬೆಲೆಗೆ ಕೊಡುವ ಕೋರ್ಸ್ ಲೆಕ್ಕದ ಊಟ ತಗೊಂಡರೆ ಮೇಲೆ ಹೋಗುವ ಟಿಕೆಟ್ ಅದರಲ್ಲೇ ಸೇರಿರುತ್ತದೆ. ಹಾಗೆ ನೋಡಿದರೆ ನಿಮ್ಮವರು ಅಂದಷ್ಟು ದಂಡ ಅಲ್ಲ. ರೆಸ್ಟೋರೆಂಟ್ ಇರೋದು 351 ಮೀಟರ್ ಎತ್ತರದಲ್ಲಿ, ಒಂದು ಸುತ್ತು ತಿರುಗೋಕೆ 72 ನಿಮಿಷ. ಅಕ್ಟೋಬರ್ ಮಧ್ಯದಲ್ಲಿ ಆರೂವರೆ ಹೊತ್ತಿಗೆ ಸೂರ್ಯ ಮುಳುಗುತ್ತದೆ, ಅದಕ್ಕೇ ಐದೂವರೆಗೆ ಬುಕ್ ಮಾಡಿ. ಮೊದಲ ಸುತ್ತಿನಲ್ಲಿ ಕೆರೆಗಿಂತ ಸಮುದ್ರದ ಹಾಗೇ ಕಾಣುವ ಒಂಟಾರಿಯೋ ಸರೋವರ, ದ್ವೀಪದ ವಿಮಾನ ನಿಲ್ದಾಣಕ್ಕೆ ಇಳಿಯುವ ಪುಟ್ಟ ವಿಮಾನಗಳು. ವಿಮಾನವನ್ನು ಮೇಲಿಂದ ಕೆಳಗೆ ನೋಡೋದು! ಎರಡನೇ ಸುತ್ತಿಗೆ ಊರೆಲ್ಲ ದೀಪ. ಮೋಡ ಕೆಳಗಿಳಿದಿದ್ದರೆ ಮಾತ್ರ ಕಿಟಕಿ ತುಂಬ ಬಿಳಿ. ಅದು ನಿಮ್ಮ ಅದೃಷ್ಟ.

ಇನ್ನೊಂದು. ಊರಲ್ಲಿ ರಾತ್ರಿ ಹನ್ನೆರಡು ಹೊಡೆದಾಗ ಇಲ್ಲಿ ಹಿಂದಿನ ದಿನ ಮಧ್ಯಾಹ್ನ ಎರಡೂವರೆ. ಶುಭಾಶಯದ ಫೋನುಗಳೆಲ್ಲ ನಿಮ್ಮವರು ಆಫೀಸ್ ಮೀಟಿಂಗಿನಲ್ಲಿರುವಾಗಲೇ ಬರುತ್ತವೆ. ಅದಕ್ಕೇ ಊಟದ ಹೊತ್ತಿಗೆ ಫೋನು ಗಪ್‌ಚುಪ್, ಊರಲ್ಲಿ ಎಲ್ಲರೂ ಮಲಗಿರುತ್ತಾರೆ. ಮೊದಲ ವರ್ಷ ಆ ಮೌನ ಸ್ವಲ್ಪ ಚುಚ್ಚುತ್ತದೆ. ಅತ್ತೆ ಮಾವ ಜೊತೆಗಿರೋದು ನಿಮ್ಮ ಪುಣ್ಯ.

ಕೊನೆಗೆ, ಆ ರೆಸ್ಟೋರೆಂಟಿನಲ್ಲಿ ತಿರುಗೋದು ನೆಲ ಮಾತ್ರ, ಕಿಟಕಿ ನಿಂತಲ್ಲೇ ಇರುತ್ತದೆ. ಇದು ನಮಗೆ ಗೊತ್ತಿರಲಿಲ್ಲ. ಅತ್ತೆ ತಮ್ಮ ಬಟ್ಟೆ ಚೀಲವನ್ನು ಕಿಟಕಿ ಕಟ್ಟೆ ಮೇಲೆ ಇಟ್ಟು ಸೂಪು ಕುಡಿದರು. ತಿರುಗಿ ನೋಡಿದರೆ ಚೀಲ ಇಲ್ಲ! "ಕಳ್ಳರು ಇಷ್ಟು ಮೇಲೂ ಬರ್ತಾರಾ?" ಅಂತ ಗಾಬರಿ. ಅಷ್ಟರಲ್ಲಿ ಹಿಂದಿನ ಟೇಬಲಿನ ಚೀನೀ ಅಜ್ಜಿ ನಗುತ್ತಾ ಎದ್ದು ಬಂದು ಚೀಲ ಕೊಟ್ಟರು. ಅತ್ತೆ ಅಲ್ಲೇ ಗಂಟು ಬಿಚ್ಚಿ, ರೈಲಿನಲ್ಲಿ ತಿನ್ನೋಕೆ ಅಂತ ತಂದಿದ್ದ ಕೋಡುಬಳೆ ನಾಲ್ಕು ತೆಗೆದು ಆ ಅಜ್ಜಿಯ ಕೈಗಿಟ್ಟರು. ವೇಟರ್ ನೋಡಿಯೂ ನೋಡದ ಹಾಗೆ ಆ ಕಡೆ ಹೋದ.