ಅಂಗಾಲು ಒಪ್ಪಿದರೆ ಸಾಲದು, ಮೂಳೆಯೂ ಒಪ್ಪಬೇಕು

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಊರು ಗುಬ್ಬಿ ಕಡೆ, ಕೆಲಸ ತುಮಕೂರಿನಲ್ಲಿ. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಅಮಾನಿಕೆರೆ ಕಡೆ ಶೂ ಹಾಕಿಕೊಂಡು ಐದು ಕಿಲೋಮೀಟರ್ ಓಡುತ್ತೇನೆ. ಆಗಾಗ ಮಂಡಿ ನೋಯುತ್ತದೆ. ಬರಿಗಾಲಲ್ಲಿ ಓಡಿದರೆ ಮಂಡಿಗೆ ಒಳ್ಳೆಯದು ಅಂತ ಗೆಳೆಯರು ಹೇಳುತ್ತಾರೆ. ಹತ್ತನೇ ಕ್ಲಾಸಿನವರೆಗೂ ನಾನು ಬರಿಗಾಲಲ್ಲೇ ಶಾಲೆಗೆ ಹೋದವನು, ಹಾಗಾಗಿ ಹೊಸದಾಗಿ ಅಭ್ಯಾಸ ಬೇಕಿಲ್ಲ ಅಲ್ವಾ? ಎಲ್ಲಿ, ಹೇಗೆ ಶುರು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಅಭ್ಯಾಸ ಬೇಕು. ಖಂಡಿತ ಬೇಕು. ರಾಗಿ ಕೊಯ್ದ ಹೊಲದಲ್ಲಿ ಕೂಳೆ ತುಳಿದುಕೊಂಡು ಶಾಲೆಗೆ ಹೋದ ಆ ಕಾಲು ಬೇರೆ, ಇವತ್ತಿನ ನಿಮ್ಮ ಕಾಲು ಬೇರೆ. ನಡುವೆ 20 ವರ್ಷ ಶೂ, ಚಪ್ಪಲಿಯಲ್ಲೇ ಕಳೆದಿದೆ. ಹಿಮ್ಮಡಿ ದಪ್ಪ ಇರುವ ಶೂ ಹಾಕಿ ಹಾಕಿ ಮೀನಖಂಡ ಅಷ್ಟೇ ಎಳೆತಕ್ಕೆ ಒಗ್ಗಿಹೋಗಿರುತ್ತದೆ. ಮೈತೂಕವೂ ಆಗಿನದಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಮನೆ ಮುಂದಿನ ಸಿಮೆಂಟ್ ಅಂಗಳದಲ್ಲಿ ಬರಿಗಾಲಲ್ಲಿ ಹತ್ತು ಹೆಜ್ಜೆ ನಿಧಾನವಾಗಿ ಓಡಿ. ಶೂನಲ್ಲಿ ಓಡುವ ಹಾಗೆ ಹಿಮ್ಮಡಿ ಮುಂದೆ ಚಾಚಿ ಇಟ್ಟರೆ ಏಟು ನೇರವಾಗಿ ಮಂಡಿಯವರೆಗೂ ಬಡಿಯುತ್ತದೆ. ಎರಡನೇ ಹೆಜ್ಜೆಗೇ ಮೈ ತಾನಾಗಿ ಪಾಠ ಕಲಿಯುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ, ಮಂಡಿ ಸ್ವಲ್ಪ ಬಾಗುತ್ತದೆ, ಕಿರುಬೆರಳ ಕಡೆಯ ಅಂಚು ಮೊದಲು ನೆಲಕ್ಕೆ ತಾಗಿ, ಆಮೇಲೆ ಇಡೀ ಮುಂಪಾದ ಕೂತು, ಕೊನೆಗೆ ಹಿಮ್ಮಡಿ ಹಗುರವಾಗಿ ಇಳಿಯುತ್ತದೆ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್ಮನ್ ಮತ್ತು ಜೊತೆಗಾರರು 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಇದನ್ನೇ. ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಿದವರು ಹೆಚ್ಚಾಗಿ ಮುಂಪಾದದ ಮೇಲೆ ಇಳಿಯುತ್ತಾರೆ, ಅವರಿಗೆ ನೆಲದಿಂದ ಬರುವ ಆ ಮೊದಲ ಏಟು ಕಡಿಮೆ. ಆದರೆ ಬರಿಗಾಲಲ್ಲಿ ಓಡಿದರೆ ಗಾಯವೇ ಆಗುವುದಿಲ್ಲ ಅಂತ ಅವರು ಬರೆಯಲಿಲ್ಲ. ಅದನ್ನು ಸೇರಿಸಿಕೊಂಡವರು ನಾವು.

ಈಗ ನಿಮ್ಮ ಮಂಡಿ ವಿಷಯ. ಹೆಜ್ಜೆ ಬದಲಾದಾಗ ಮಂಡಿಯ ಮೇಲಿನ ಭಾರ ಇಳಿಯುವುದು ನಿಜ. ಆದರೆ ಭಾರ ಮಾಯವಾಗುವುದಿಲ್ಲ, ಕೆಳಗಿಳಿದು ಮೀನಖಂಡದ ಮೇಲೆ, ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಸ್ನಾಯುರಜ್ಜುವಿನ ಮೇಲೆ, ಬೆರಳುಗಳ ಹಿಂದಿರುವ ಉದ್ದ ಮೂಳೆಗಳ ಮೇಲೆ ಕೂರುತ್ತದೆ. ಒಂದೊಂದು ಪಾದದಲ್ಲಿ 26 ಮೂಳೆ. ಅದರಲ್ಲಿ ಈ ಐದು ಉದ್ದ ಮೂಳೆಗಳು ಕಡ್ಡಿಯಷ್ಟು ತೆಳ್ಳಗೆ. ಅಂಗಾಲಿನ ಚರ್ಮ ಕೆಲವೇ ವಾರದಲ್ಲಿ ಗಟ್ಟಿಯಾಗಿಬಿಡುತ್ತದೆ, ಮೂಳೆಗೆ ಮತ್ತು ಸ್ನಾಯುರಜ್ಜುವಿಗೆ ತಿಂಗಳುಗಟ್ಟಲೆ ಬೇಕು. ಮೋಸ ಆಗುವುದು ಇಲ್ಲೇ. ಚರ್ಮ ನೋಯುತ್ತಿಲ್ಲ, ಹಾಗಾದರೆ ಕಾಲು ತಯಾರಾಯಿತು ಅಂದುಕೊಂಡು ಜನ ದೂರ ಹೆಚ್ಚಿಸುತ್ತಾರೆ.

ನಾನೂ ಹಾಗೇ ಮಾಡಿದ್ದೆ. ಶುರು ಮಾಡಿದ ಐದನೇ ವಾರ, ಕಾಲು ಹಗುರ ಅನ್ನಿಸಿ, ದೇವರಾಯನದುರ್ಗದ ರಸ್ತೆಯಲ್ಲಿ ಬರಿಗಾಲಲ್ಲಿ ಆರು ಕಿಲೋಮೀಟರ್ ಓಡಿದೆ, ಅದೂ ಇಳಿಜಾರಿನಲ್ಲಿ. ಅವತ್ತು ಏನೂ ಆಗಲಿಲ್ಲ. ಮೂರನೇ ದಿನ ಬಲಪಾದದ ಮೇಲೆ, ಎರಡನೇ ಬೆರಳಿನ ನೇರಕ್ಕೆ, ಒಂದು ರೂಪಾಯಿ ಅಗಲದಷ್ಟು ಜಾಗ ಮುಟ್ಟಿದರೆ ಜೀವ ಹೋಗುವಂತೆ ನೋಯುತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಉಳುಕು ಇರಬೇಕು ಅಂದರು. ನಂಬಿ ಇನ್ನೆರಡು ವಾರ ಓಡಾಡಿಕೊಂಡಿದ್ದೆ. ಮತ್ತೆ ತೆಗೆಸಿದಾಗ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಇಂಥ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಮಾಮೂಲು, ಇದು ನನಗೆ ಆಮೇಲೆ ಗೊತ್ತಾಯಿತು. ಆರು ವಾರ ಓಟ ಬಂದ್. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾಗಿ ಮೊದಲ ಮೂರು ವಾರ ಬರಿಗಾಲಲ್ಲಿ ಓಡಲೇಬೇಡಿ, ಸುಮ್ನೆ ನಡೆಯಿರಿ. ಮನೆಯೊಳಗೆ, ತಾರಸಿಯಲ್ಲಿ, ಅಂಗಳದಲ್ಲಿ, ದಿನಕ್ಕೆ ಅರ್ಧ ಗಂಟೆ. ಹಲ್ಲುಜ್ಜುವಾಗ ಎರಡೂ ಕಾಲಿನ ತುದಿಬೆರಳ ಮೇಲೆ ನಿಧಾನವಾಗಿ ಎದ್ದು ನಿಧಾನವಾಗಿ ಇಳಿಯಿರಿ, ಹದಿನೈದು ಸಲ. ನೆಲದ ಮೇಲೆ ಟವೆಲ್ ಹಾಸಿ ಬೆರಳಿನಿಂದಲೇ ಮುದುರಿ ಎಳೆದುಕೊಳ್ಳಿ. ನಾಲ್ಕನೇ ವಾರದಿಂದ ದಿನ ಬಿಟ್ಟು ದಿನ 400 ಮೀಟರ್, ಜಾಸ್ತಿ ಬೇಡ. ಅದನ್ನು ಶೂ ಓಟಕ್ಕೆ ಮೊದಲೇ ಮಾಡಿ. ಐದು ಕಿಲೋಮೀಟರ್ ಮುಗಿಸಿ, ಸುಸ್ತಾದ ಕಾಲಲ್ಲಿ ಶೂ ಬಿಚ್ಚಿ ಓಡುವುದು ತಪ್ಪು. ಬರಿಗಾಲಿನ 400 ಮೀಟರ್ ಮುಗಿದ ಮೇಲೆ ಕಾಲೊರೆಸಿಕೊಂಡು, ಶೂ ಹಾಕಿಕೊಂಡು, ನಿಮ್ಮ ಮಾಮೂಲಿ ಓಟ ಓಡಿ, ಅದನ್ನೂ ಈ ದಿನಗಳಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಒಳ್ಳೆಯದು. ಮುಂದೆ ಬರಿಗಾಲಿನ ದೂರವನ್ನು ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಹೆಚ್ಚಿಸಿ. ಕೇಳಲು ತೀರಾ ಕಡಿಮೆ ಅನ್ನಿಸುತ್ತದೆ, ಗೊತ್ತು. ಆದರೂ ಅಷ್ಟೇ.

ಎಲ್ಲಿ ಓಡುವುದು ಅಂದಿರಿ. ಎಲ್ಲರೂ ಹುಲ್ಲಿನ ಮೇಲೆ ಶುರು ಮಾಡಿ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಹುಲ್ಲಿನೊಳಗೆ ಏನಿದೆ ಅಂತ ಕಾಣುವುದಿಲ್ಲ. ನಮ್ಮ ಕಡೆ ಕೆರೆ ಏರಿ ಅಂದರೆ ಜಾಲಿಮುಳ್ಳು, ನೆಗ್ಗಿಲಮುಳ್ಳು, ಮೇಲೆ ಒಡೆದ ಬಾಟಲಿ ಚೂರು. ಅದೂ ಅಲ್ಲದೆ ಮೆತ್ತಗಿನ ನೆಲ ನಿಮ್ಮ ತಪ್ಪು ಹೆಜ್ಜೆಯನ್ನು ಮುಚ್ಚಿಡುತ್ತದೆ, ಹಿಮ್ಮಡಿ ಬಡಿದು ಓಡಿದರೂ ನೋಯುವುದಿಲ್ಲ. ಗಟ್ಟಿಯಾದ, ನುಣುಪಾದ, ಗುಡಿಸಿದ ನೆಲ ಬೇಕು. ಬಡಾವಣೆಯ ಒಳಗಿನ ಕಾಂಕ್ರೀಟ್ ರಸ್ತೆ ಚೆನ್ನಾಗಿರುತ್ತದೆ. ಮೊದಲು ಒಂದು ಸುತ್ತು ಚಪ್ಪಲಿ ಹಾಕಿಕೊಂಡೇ ನಡೆದು ನೆಲ ನೋಡಿಕೊಳ್ಳಿ. ಜಲ್ಲಿ ಎದ್ದ ಡಾಂಬರು ರಸ್ತೆ ಈಗಲೇ ಬೇಡ. ಜನ ಬಯಲಿಗೆ ಹೋಗುವ ಜಾಗದ ಒದ್ದೆ ಮಣ್ಣಂತೂ ಬೇಡವೇ ಬೇಡ, ಕೊಕ್ಕೆಹುಳದ ಮರಿಗಳು ಅಂಗಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತವೆ. ಬಿಸಿಲು ಏರುವ ಮೊದಲೇ ಮುಗಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಹೊತ್ತೇರಿದ ಮೇಲೆ ಡಾಂಬರು ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಓಡುವಾಗ ಕಿವಿ ಕೊಡಿ. ಟಪ್ ಟಪ್ ಅಂತ ಸದ್ದು ಬಂದರೆ ಜೋರಾಗಿ ಇಳಿಯುತ್ತಿದ್ದೀರಿ ಅಂತ ಅರ್ಥ. ಪಕ್ಕದವರಿಗೆ ಕೇಳದ ಹಾಗೆ ಓಡಬೇಕು. ಬಲಗಾಲು 20 ಸೆಕೆಂಡಿನಲ್ಲಿ ಎಷ್ಟು ಸಲ ನೆಲ ಮುಟ್ಟಿತು ಎಣಿಸಿ. 28ರಿಂದ 30 ಬಂದರೆ ಸರಿ, 25 ಬಂದರೆ ಹೆಜ್ಜೆ ಉದ್ದವಾಗಿದೆ. ಇದೊಂದನ್ನು ಇವತ್ತೇ, ಶೂ ಹಾಕಿಕೊಂಡೇ ಮಾಡಿ ನೋಡಿ. ಹೆಜ್ಜೆ ಚಿಕ್ಕದಾದರೆ ಶೂನಲ್ಲೂ ಮಂಡಿಯ ಮೇಲಿನ ಭಾರ ಇಳಿಯುತ್ತದೆ, ನಿಮ್ಮ ತೊಂದರೆಗೆ ಅಷ್ಟೇ ಸಾಕಾಗಲೂಬಹುದು. ಮಂಡಿ ಊದಿಕೊಂಡರೆ, ಮೆಟ್ಟಿಲು ಇಳಿಯುವಾಗ ಸಿಕ್ಕಿಕೊಂಡಂತಾದರೆ ಮೂಳೆ ಡಾಕ್ಟರಿಗೆ ತೋರಿಸಿ, ಬರಿಗಾಲಿನ ಯೋಚನೆ ಆಮೇಲೆ.

ಮತ್ತೆ, ಮುಂಪಾದ ಮುಂಪಾದ ಅಂತ ಬ್ಯಾಲೆ ಕುಣಿಯುವವರ ಹಾಗೆ ತುದಿಗಾಲಲ್ಲೇ ಓಡಬೇಡಿ, ಹಿಮ್ಮಡಿ ಪ್ರತಿ ಹೆಜ್ಜೆಗೂ ನೆಲ ಮುಟ್ಟಬೇಕು, ಇಲ್ಲದಿದ್ದರೆ ಮಾರನೇ ದಿನ ಮೀನಖಂಡ ಕಲ್ಲಾಗಿರುತ್ತದೆ. ಕಾಲಿನಿಂದ ನೆಲವನ್ನು ಹಿಂದಕ್ಕೆ ತಳ್ಳಬೇಡಿ, ಸುಮ್ನೆ ಎತ್ತಿ. ಬೆರಳಿನ ಬುಡದಲ್ಲಿ ನೀರ್ಗುಳ್ಳೆ ಎದ್ದರೆ ನೀವು ಇನ್ನೂ ತಳ್ಳುತ್ತಿದ್ದೀರಿ, ಉಜ್ಜುತ್ತಿದ್ದೀರಿ.

ನೋವಿನಲ್ಲಿ ಎರಡು ಬಗೆ. ಎರಡೂ ಮೀನಖಂಡ ಒಂದೇ ಥರ ಹಿಡಿದುಕೊಂಡು ಎರಡು ದಿನದಲ್ಲಿ ಬಿಟ್ಟರೆ ಚಿಂತೆಯಿಲ್ಲ, ಅದು ಬಿಡುವವರೆಗೆ ಬರಿಗಾಲೋಟ ನಿಲ್ಲಿಸಿದರೆ ಸಾಕು. ಆದರೆ ಒಂದೇ ಪಾದದಲ್ಲಿ, ಒಂದೇ ಬೆರಳಿನಿಂದ ತೋರಿಸುವಂಥ ಜಾಗದಲ್ಲಿ ನೋವಿದ್ದರೆ ಅವತ್ತೇ ನಿಲ್ಲಿಸಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಟ್ಟ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಚುಚ್ಚಿದರೂ ಅಷ್ಟೇ.

ಮನೆಗೆ ಬಂದ ಮೇಲೆ ಕಾಲನ್ನು ಸೋಪು ಹಾಕಿ ತೊಳೆದು, ಬೆಳಕಿನಲ್ಲಿ ಅಂಗಾಲು ತಿರುಗಿಸಿ ನೋಡಿ, ಬೆರಳ ಸಂದಿಯನ್ನೂ ಬಿಡಬೇಡಿ. ಮುಳ್ಳು ತೆಗೆಯಲು ಒಂದು ಒಳ್ಳೆ ಚಿಮಟ ಇರಲಿ. ಕೊನೆಯ ಟಿಟಿ ಇಂಜೆಕ್ಷನ್ ತೆಗೆದುಕೊಂಡು ಹತ್ತು ವರ್ಷ ಆಗಿದ್ದರೆ ಶುರು ಮಾಡುವ ಮೊದಲೇ ಹಾಕಿಸಿಕೊಳ್ಳಿ. ಹಿಮ್ಮಡಿ ಒಡೆದಿದ್ದರೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನೂ ಬರವಿಲ್ಲವಲ್ಲ.

ಪ್ರಶ್ನೆ: ಅಕ್ಕ, ನಾನು ಶಿರಾ ಕಡೆ ಹುಡುಗ, 21 ವರ್ಷ. ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ 1600 ಮೀಟರ್ ಓಟಕ್ಕೆ ತಯಾರಿ ಮಾಡುತ್ತಿದ್ದೇನೆ. ಇನ್ನು ಒಂದು ತಿಂಗಳಿದೆ. ಶೂ ಭಾರ, ಬಿಚ್ಚಿ ಓಡಿದರೆ ಟೈಮಿಂಗ್ ಬರುತ್ತದೆ ಅಂತ ಜೊತೆಯವರು ಹೇಳುತ್ತಾರೆ. ಬಿಚ್ಚಲಾ?
– ಓದುಗ, ಶಿರಾ

ಉತ್ತರ: ಬೇಡ ತಮ್ಮಾ. ಒಂದು ತಿಂಗಳಿದೆ ಅನ್ನುವಾಗ ಕಾಲಿನ ಅಭ್ಯಾಸ ಬದಲಿಸಬಾರದು. ನೀನು ದಿನಾ ಶೂನಲ್ಲಿ ಓಡಿದ್ದರೆ ಅದೇ ಶೂನಲ್ಲಿ ಪರೀಕ್ಷೆ ಕೊಡು. ನಿನ್ನ ಜೊತೆಯವರು ಮೊದಲಿನಿಂದಲೂ ಬರಿಗಾಲಲ್ಲೇ ಓಡಿದವರಾಗಿದ್ದರೆ ಅವರು ಹಾಗೇ ಓಡಲಿ, ಅವರ ಕಾಲು ಅದಕ್ಕೆ ಪಳಗಿದೆ.

ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಕಥೆ ನೀನೂ ಕೇಳಿರಬಹುದು. 2 ಗಂಟೆ 15 ನಿಮಿಷ 16 ಸೆಕೆಂಡ್. ಅವನು ಬರಿಗಾಲಲ್ಲಿ ಓಡಿ ಪಳಗಿದ್ದವನು, ಅಲ್ಲಿ ಸಿಕ್ಕ ಶೂ ಕಾಲಿಗೆ ಸರಿ ಹೊಂದಲಿಲ್ಲ, ಅದಕ್ಕೇ ಹಾಗೆ ಓಡಿದ. ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿದ, ಮತ್ತೆ ಗೆದ್ದ, ರೋಮ್‌ಗಿಂತ ಬೇಗನೇ ಮುಗಿಸಿದ. ಶೂ ಇದ್ದಾಗಲೂ ಇಲ್ಲದಾಗಲೂ ಅವನನ್ನು ಗೆಲ್ಲಿಸಿದ್ದು ಅವನ ತಯಾರಿ.

ಈ ತಿಂಗಳು ವಾರಕ್ಕೆ ಎರಡು ದಿನ 400 ಮೀಟರ್‌ಗಳನ್ನು ನಡುವೆ ಎರಡು ಮೂರು ನಿಮಿಷ ಬಿಡುವು ಕೊಟ್ಟು ನಾಲ್ಕೈದು ಸಲ ಓಡು, ಎಲ್ಲವೂ ಒಂದೇ ಟೈಮಿಂಗ್‌ನಲ್ಲಿ ಬರಬೇಕು. ಮೊದಲ ಸುತ್ತೇ ಹಾರಿಬಿಟ್ಟು ಮೂರನೇ ಸುತ್ತಿನಲ್ಲಿ ಸೋಲುವವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಕೆಲಸ ಸಿಕ್ಕ ಮೇಲೆ, ಬೇಕಿದ್ದರೆ, ಮೇಲೆ ಹೇಳಿದ ಹಾಗೆ ನಿಧಾನವಾಗಿ ಬರಿಗಾಲಲ್ಲಿ ಶುರು ಮಾಡು.

ಪ್ರಶ್ನೆ: ಅಪ್ಪನಿಗೆ 58 ವರ್ಷ, ಶುಗರ್ ಬಂದು 12 ವರ್ಷ ಆಯಿತು. ಬರಿಗಾಲಲ್ಲಿ ನಡೆದರೆ, ಓಡಿದರೆ ಶುಗರ್ ಇಳಿಯುತ್ತದೆ ಅಂತ ಯಾರೋ ಹೇಳಿದ್ದಾರೆ. ದಿನಾ ಬೆಳಿಗ್ಗೆ ಚಪ್ಪಲಿ ಬಿಟ್ಟು ತೋಟಕ್ಕೆ ಹೋಗುತ್ತಾರೆ, ಹೇಳಿದರೆ ಕೇಳುವುದಿಲ್ಲ. ಇದು ಸರಿಯಾ ಮೇಡಂ?
– ಓದುಗರೊಬ್ಬರು, ತಿಪಟೂರು

ಉತ್ತರ: ಸರಿಯಲ್ಲ. ದಯವಿಟ್ಟು ಇವತ್ತೇ ನಿಲ್ಲಿಸಿ, ನಿಮ್ಮ ಮಾತು ಕೇಳದಿದ್ದರೆ ಈ ಪುಟ ಓದಿ ಹೇಳಿ.

ನಡೆದರೆ ಶುಗರ್ ಹತೋಟಿಗೆ ಬರುವುದು ನಿಜ. ಅದು ನಡಿಗೆಯಿಂದ ಬರುವ ಲಾಭ, ಬರಿಗಾಲಿನಿಂದಲ್ಲ. ಶೂ ಹಾಕಿಕೊಂಡು ನಡೆದರೂ ಅಷ್ಟೇ ಸಿಗುತ್ತದೆ. ಬರಿಗಾಲಲ್ಲಿ ಓಡುವವರನ್ನು ಕಾಪಾಡುವುದು ಅಂಗಾಲಿನ ಅರಿವು, ಕಲ್ಲು ಚುಚ್ಚಿದ ತಕ್ಷಣ ಕಾಲು ಹಿಂದೆ ತೆಗೆಯುತ್ತೇವಲ್ಲ, ಅದು. ವರ್ಷಗಟ್ಟಲೆ ಶುಗರ್ ಇದ್ದವರಲ್ಲಿ ಎಷ್ಟೋ ಜನಕ್ಕೆ ಅದೇ ಹೋಗಿರುತ್ತದೆ. ನಮ್ಮ ಓಣಿಯ ಹಿರಿಯರೊಬ್ಬರಿಗೆ ಹೀಗೇ ಆಯಿತು. ತೋಟದಿಂದ ಬಂದು, ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಬಾಗಿಲಿನಿಂದ ಜಗಲಿಯವರೆಗೆ ನೆಲದ ಮೇಲೆ ನಾಲ್ಕು ಕೆಂಪು ಗುರುತು. ನೋಡಿದ್ದು ಮೊಮ್ಮಗಳು. ಅಂಗಾಲಲ್ಲಿ ಅರ್ಧ ಬೆರಳುದ್ದದ ಜಾಲಿಮುಳ್ಳು ಮುರಿದು ನಿಂತಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ಆ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಪಾದದ ಸ್ಪರ್ಶ ಪರೀಕ್ಷೆ ಮಾಡಿ ಅಂತ ನೀವೇ ಕೇಳಿ. ತೆಳ್ಳಗಿನ ನೈಲಾನ್ ಎಳೆಯನ್ನು ಅಂಗಾಲಿನ ಬೇರೆ ಬೇರೆ ಕಡೆ ಒತ್ತಿ ಗೊತ್ತಾಗುತ್ತದಾ ಅಂತ ಕೇಳುತ್ತಾರೆ, ಐದು ನಿಮಿಷದ ಕೆಲಸ, ನೋವಿಲ್ಲ. ಶುಗರ್ ಇರುವವರು ವರ್ಷಕ್ಕೊಮ್ಮೆ ಮಾಡಿಸಲೇಬೇಕು. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಲಿ, ಬಾಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಲಿ, ಇಲ್ಲವೇ ನೀವೇ ನೋಡಿ. ತೋಟಕ್ಕೆ ಮುಚ್ಚಿದ ಶೂ, ಒಳಗೆ ಹತ್ತಿಯ ಸಾಕ್ಸ್. ಹಾಕುವ ಮೊದಲು ಶೂ ತಲೆಕೆಳಗು ಮಾಡಿ ಕೊಡವಲಿ. ಆಣಿ ಎದ್ದರೆ ಬ್ಲೇಡಿನಿಂದ ಕೆತ್ತುವುದು ಬೇಡ.

ದೇವಸ್ಥಾನಕ್ಕೆ ಹೋದಾಗ ಏನು ಮಾಡಲಿ ಅಂತ ಅಪ್ಪ ಕೇಳಬಹುದು. ಬೆಳಿಗ್ಗೆ ಬೇಗ, ಕಲ್ಲು ಕಾಯುವ ಮೊದಲೇ ಹೋಗಿ ಬರಲಿ. ದಪ್ಪ ಸಾಕ್ಸ್ ಇರಲಿ. ಮಧ್ಯಾಹ್ನದ ಹೊತ್ತು ಪ್ರಾಂಗಣದ ಚಪ್ಪಡಿ ಕಲ್ಲಿನ ಮೇಲೆ ಪ್ರದಕ್ಷಿಣೆ ಮಾತ್ರ ಬೇಡ, ಅಂಗಾಲು ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.