ಸಣ್ಣ ವಿಶ್ವವಿದ್ಯಾಲಯಕ್ಕೆ ಸಂಶೋಧನಾ ಅನುದಾನ ತರುವುದು ಹೇಗೆ?

ಜಿಲ್ಲಾ ಕೇಂದ್ರದ ಹೊಸ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಿರುವ ನೀವು, ‘ನಮ್ಮಂಥ ಕಡೆ ಸಂಶೋಧನೆಗೆ ಹಣ ತರಲು ಏನು ಮಾಡಬೇಕು, ಪ್ರಸ್ತಾವನೆ ಬರೆಯುವ ಕಾರ್ಯಾಗಾರ ನಡೆಸಿದರೆ ಸಾಕೇ’ ಎಂದು ಕೇಳಿದ್ದೀರಿ. ಸಾಲದು. ಕಾರ್ಯಾಗಾರ ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತಲೇ ಸಂಶೋಧನಾ ವಿಭಾಗದ ಕಡತಗಳ ಹೊಣೆಯನ್ನೂ ಹೊತ್ತ ನಾನು ಕಂಡಂತೆ, ನಾವು ಹೆಚ್ಚಾಗಿ ಸೋಲುವುದು ಮಂಜೂರಾತಿ ಪತ್ರ ಕೈಸೇರಿದ ಮೇಲೆ.

ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರಿಗೆ ಕೇಂದ್ರದ ಯೋಜನೆಯೊಂದು ಮಂಜೂರಾಗಿತ್ತು. ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಒಂದು ಸ್ಪೆಕ್ಟ್ರೋಫೋಟೋಮೀಟರ್ ಕೊಳ್ಳಬೇಕು. ಕೇಂದ್ರದ ಹಣ, ಆದ್ದರಿಂದ ಕೇಂದ್ರ ಸರ್ಕಾರದ ಆನ್‌ಲೈನ್ ಖರೀದಿ ತಾಣವಾದ ಜೆಮ್ ಪೋರ್ಟಲ್‌ನಲ್ಲಿ ಕೊಳ್ಳಬೇಕೆಂದು ಒಂದು ಟಿಪ್ಪಣಿ. ರಾಜ್ಯದ ಸಂಸ್ಥೆ, ಆದ್ದರಿಂದ ರಾಜ್ಯದ ಸಾರ್ವಜನಿಕ ಖರೀದಿಯ ಪಾರದರ್ಶಕತೆ ಕಾಯ್ದೆಯಂತೆ, ಅಂದರೆ ಕೆಟಿಪಿಪಿಯಂತೆ, ಟೆಂಡರ್ ಕರೆಯಬೇಕೆಂದು ಇನ್ನೊಂದು. ಕಡತ ವಿಭಾಗಾಧ್ಯಕ್ಷರಿಂದ ಕುಲಸಚಿವರಿಗೆ, ಅಲ್ಲಿಂದ ಹಣಕಾಸು ಅಧಿಕಾರಿಗೆ ಹೋಗಿ, ‘ಸ್ಪಷ್ಟೀಕರಣ ಪಡೆದು ಮರುಮಂಡಿಸಿ’ ಎಂಬ ಷರಾ ಹೊತ್ತು ವಿಭಾಗಕ್ಕೇ ಮರಳಿತು. ಅದರೊಳಗಿದ್ದ ದರಪಟ್ಟಿಯೂ ಹಳೆಯದು. ಸಂಶೋಧನಾ ಉಪಕರಣಗಳಿಗಿದ್ದ ಶೇ 5ರ ಜಿಎಸ್‌ಟಿ ರಿಯಾಯಿತಿ 2022ರ ಜುಲೈನಲ್ಲಿ ರದ್ದಾಗಿ, ತೆರಿಗೆ ಶೇ 18ಕ್ಕೆ ಏರಿತ್ತು. ಮಂಜೂರಾದ ಮೊತ್ತ ಸಾಲಲಿಲ್ಲ. ಅಷ್ಟರಲ್ಲಿ ಮಾರ್ಚ್ 31 ಬಂತು. ಕಳುಹಿಸಿದ ಹಣ ಬಳಕೆ ಪ್ರಮಾಣಪತ್ರ, ಬ್ಯಾಂಕ್ ಬಡ್ಡಿಯ ಲೆಕ್ಕ ತೋರಿಸಿಲ್ಲವೆಂಬ ಕಾರಣಕ್ಕೆ ದೆಹಲಿಯಿಂದ ವಾಪಸಾಯಿತು. ಯೋಜನೆಯ ಹಣ ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಯಲ್ಲಿ ಬೆರೆತು ಹೋಗಿದ್ದರಿಂದ ಬಡ್ಡಿ ಎಷ್ಟೆಂದು ಹೇಳುವವರೇ ಇರಲಿಲ್ಲ. ಎರಡನೇ ಕಂತು ಬರಲಿಲ್ಲ. ಯೋಜನೆಯಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ತಿಂಗಳುಗಟ್ಟಲೆ ಫೆಲೋಶಿಪ್ ಇಲ್ಲದೆ ದುಡಿದು, ಕೊನೆಗೆ ಖಾಸಗಿ ಕಂಪನಿ ಸೇರಿದರು. ಆ ಸಹೋದ್ಯೋಗಿ ಮತ್ತೆ ಅರ್ಜಿ ಹಾಕಲಿಲ್ಲ, ಅವರ ಪಾಡು ನೋಡಿದ ಕಿರಿಯರೂ ಹಾಕಲಿಲ್ಲ. ನನಗೆ ಹೆಚ್ಚು ನೋವು ಕೊಡುವುದು ಈ ಕೊನೆಯ ಸಂಗತಿ.

ಇಂಥ ಕಡೆ ಮೊದಲು ಬೇಕಾದದ್ದು ಒಬ್ಬ ಒಳ್ಳೆಯ ಲೆಕ್ಕಿಗ. ಹಣ ಬಳಕೆ ಪ್ರಮಾಣಪತ್ರದ ಜಿಎಫ್‌ಆರ್ 12-ಎ ನಮೂನೆ ತುಂಬಲು, ಕೇಂದ್ರದ ಹಣ ಪಾವತಿ ಜಾಲತಾಣ ಪಿಎಫ್‌ಎಂಎಸ್‌ನಲ್ಲಿ ಪಾವತಿ ಮಾಡಲು, ಪ್ರತಿ ಯೋಜನೆಗೂ ಬೇರೆ ಲೆಕ್ಕ ಇಡಲು ಬಲ್ಲವರು, ಮೂರು ತಿಂಗಳಿಗೊಮ್ಮೆ ಬೇರೆ ಶಾಖೆಗೆ ವರ್ಗವಾಗದವರು. ಖಾಯಂ ಹುದ್ದೆ ಮಂಜೂರಾಗುವ ತನಕ ಕಾಯಬೇಡಿ. ರಾಜ್ಯ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದ ಒಬ್ಬರನ್ನು ಗೌರವಧನದ ಮೇಲೆ ಕರೆತನ್ನಿ. ಹಣ ಎಲ್ಲಿಂದ ಎಂದರೆ, ಓವರ್‌ಹೆಡ್‌ನಿಂದ. ಅನುದಾನ ಕೊಡುವ ಸಂಸ್ಥೆಗಳು ಯೋಜನಾ ವೆಚ್ಚದ ಜೊತೆಗೆ ಸಂಸ್ಥೆಗೆಂದೇ ಒಂದು ಪಾಲು ಕೊಡುತ್ತವೆ. ಅದು ಸಾಮಾನ್ಯವಾಗಿ ವಿದ್ಯುತ್ ಬಿಲ್ಲಿಗೋ ಕಟ್ಟಡದ ಸುಣ್ಣಬಣ್ಣಕ್ಕೋ ಕರಗುತ್ತದೆ. ಅದರಲ್ಲಿ ಅರ್ಧ ಸಂಶೋಧನಾ ವಿಭಾಗಕ್ಕೆ ಮೀಸಲು ಎಂದು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನಲ್ಲಿ ನಿರ್ಣಯ ಮಾಡಿಸಿ. ಖರೀದಿಯ ವಿಚಾರದಲ್ಲಿ ಯಾವ ಮೊತ್ತಕ್ಕೆ ಯಾವ ನಿಯಮ, ಯಾರ ಸಹಿ ಎಂಬ ಒಂದು ಸುತ್ತೋಲೆ ಮುಂಚೆಯೇ ಹೊರಬಿದ್ದಿದ್ದರೆ ಮೇಲಿನ ಕಡತ ಅಷ್ಟು ಅಲೆಯುತ್ತಿರಲಿಲ್ಲ.

ಇನ್ನು ಎಲ್ಲಿ ಅರ್ಜಿ ಹಾಕುವುದು? ವಿಜ್ಞಾನ, ಎಂಜಿನಿಯರಿಂಗ್ ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಮಂಡಳಿ ಎಸ್‌ಇಆರ್‌ಬಿ ಈಗ 2023ರ ಕಾಯ್ದೆಯಡಿ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ವಿಲೀನವಾಗಿದೆ. ಅದರ ‘ಪೇರ್’ ಕಾರ್ಯಕ್ರಮದಲ್ಲಿ ಮುಂಚೂಣಿಯ ಸಂಸ್ಥೆಯೊಂದು ಕೇಂದ್ರವಾಗಿ, ರಾಜ್ಯ ವಿಶ್ವವಿದ್ಯಾಲಯಗಳಂಥವು ಅದರ ಸುತ್ತ ಸೇರುತ್ತವೆ. ಅಂಥ ದೊಡ್ಡ ಹಣ ತಟ್ಟೆಂದು ನಿಮ್ಮ ಬಾಗಿಲಿಗೆ ಬರುವುದಿಲ್ಲ. ಆರಂಭಕ್ಕೆ ನಮ್ಮ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ದೂರದರ್ಶಿ ತಂಡ, ಅಂದರೆ ವಿಜಿಎಸ್‌ಟಿ, ಯುವ ವಿಜ್ಞಾನಿಗಳಿಗೆ ಕೊಡುತ್ತ ಬಂದಿರುವ ಬೀಜಧನದ ಮೇಲೆ ಕಣ್ಣಿಡಿ. ಸಮಾಜ ವಿಜ್ಞಾನದವರಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು, ಅಂದರೆ ಐಸಿಎಸ್‌ಎಸ್‌ಆರ್ ಇದೆ. ಸಣ್ಣ ಮೊತ್ತವನ್ನು ಸಕಾಲಕ್ಕೆ ಖರ್ಚು ಮಾಡಿ, ಲೆಕ್ಕ ಒಪ್ಪಿಸಿದ ದಾಖಲೆಯೇ ಮುಂದಿನ ಅರ್ಜಿಗೆ ದೊಡ್ಡ ಶಿಫಾರಸು. ಜೊತೆಗೆ, ನಿಮ್ಮ ವಿಶ್ವವಿದ್ಯಾಲಯಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 12-ಬಿ ಮಾನ್ಯತೆ ದೊರೆತಿದೆಯೇ ಎಂದು ವಿಚಾರಿಸಿ. ಅದಿಲ್ಲದೆ ಯುಜಿಸಿಯ ಅನುದಾನ ಸಿಗುವುದಿಲ್ಲ.

‘ನಮ್ಮಲ್ಲಿ ಉಪಕರಣವಿಲ್ಲ, ಪತ್ರಿಕೆಗಳಿಲ್ಲ’ ಎಂಬ ಮಾತಿಗೆ ಈಗ ಮೊದಲಿನಷ್ಟು ಬಲವಿಲ್ಲ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 2025ರಿಂದ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ತೆರೆದಿವೆ. ನಿಮ್ಮ ಗ್ರಂಥಪಾಲಕರು ನೋಂದಣಿ ಮಾಡಿಸಿದ್ದಾರೆಯೇ ಎಂದು ನಾಳೆಯೇ ಕೇಳಿ. ಉಪಕರಣ ಹಂಚಿಕೆಗೆಂದೇ ಇರುವ ಕೇಂದ್ರದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಬೇರೆ ಬೇರೆ ಪ್ರಯೋಗಾಲಯಗಳ ಉಪಕರಣಗಳನ್ನು ಸಮಯ ಕಾದಿರಿಸಿ ಬಳಸಬಹುದು.

ವಿಷಯದ ಆಯ್ಕೆಯಲ್ಲಿ ಮಾತ್ರ ಸಣ್ಣ ವಿಶ್ವವಿದ್ಯಾಲಯದ ಕೈ ಮೇಲು, ಅದನ್ನು ನಾವೇ ಬಿಟ್ಟುಕೊಡುತ್ತಿದ್ದೇವೆ. ಬೆಂಗಳೂರಿನ ದೊಡ್ಡ ಪ್ರಯೋಗಾಲಯದಲ್ಲಿ ನಡೆಯುವ ಕೆಲಸವನ್ನೇ ಅರ್ಧ ಉಪಕರಣದಲ್ಲಿ ಮಾಡುತ್ತೇವೆಂದು ಬರೆದರೆ ಪರಿಶೀಲಕರು ನಿಮಗೇಕೆ ಹಣ ಕೊಡಬೇಕು? ಬೀದರಿನವರಿಗೆ ನೌಬಾದಿನ ಕರೇಜ್ ಎಂಬ ನೆಲದಡಿಯ ನೀರಿನ ಕಾಲುವೆಗಳಿವೆ, ಕೊಪ್ಪಳದವರಿಗೆ ಹಿರೇಬೆಣಕಲ್ಲಿನ ಶಿಲಾ ಸಮಾಧಿಗಳಿವೆ, ರಾಯಚೂರಿನವರ ಎದುರು ಕುಡಿಯುವ ನೀರಿನ ಆರ್ಸೆನಿಕ್ ಇದೆ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಅದೇ ಬಾವಿಯ ನೀರಿನ ಮಾದರಿ ತರಲು ದೂರದವರಿಗೆ ಪ್ರವಾಸ ಭತ್ಯೆ ಬೇಕು. ನಿಮ್ಮ ಎಂಎಸ್ಸಿ ವಿದ್ಯಾರ್ಥಿ ಆ ಊರಿನಿಂದಲೇ ಬಸ್ಸು ಹತ್ತಿ ಬರುತ್ತಾನೆ. ಇದನ್ನು ಪ್ರಸ್ತಾವನೆಯ ಮೊದಲ ಪುಟದಲ್ಲೇ ಬರೆಯಿರಿ.

ಒಂದು ಕೊರತೆಯನ್ನು ಮಾತ್ರ ನೀವು, ನಾನು ತುಂಬಲಾರೆವು. ಬಹುತೇಕ ಯೋಜನೆಗಳಿಗೆ ಖಾಯಂ ಅಧ್ಯಾಪಕರೇ ಪ್ರಧಾನ ಸಂಶೋಧಕರಾಗಬೇಕು. ಹೊಸ ವಿಶ್ವವಿದ್ಯಾಲಯಗಳು ನಡೆಯುತ್ತಿರುವುದೋ ಅತಿಥಿ ಉಪನ್ಯಾಸಕರಿಂದ. ಪಿಎಚ್‌ಡಿ ಮಾಡಿದ, ಬರೆಯಬಲ್ಲ, ದುಡಿಯಬಲ್ಲ ಎಷ್ಟೋ ಜನ ಅರ್ಜಿ ಹಾಕುವ ಅರ್ಹತೆಯೇ ಇಲ್ಲದೆ ಕುಳಿತಿದ್ದಾರೆ. 2025ರಲ್ಲಿ ನಮ್ಮ ರಾಜ್ಯದ ಇಂಥ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಚರ್ಚೆ ಸರ್ಕಾರದ ಮಟ್ಟದಲ್ಲೇ ನಡೆಯಿತು. ಹುದ್ದೆ ತುಂಬದೆ, ಹಣ ಕೊಡದೆ, ಆಮೇಲೆ ಸಾಧನೆಯೇನು ಎಂದು ಕೇಳುವುದು ಅನ್ಯಾಯ. ನಿಮ್ಮಂಥ ಖಾಯಂ ಅಧ್ಯಾಪಕರು ಪ್ರತಿ ಪ್ರಸ್ತಾವನೆಯಲ್ಲೂ, ನಿಯಮ ಒಪ್ಪುವ ಕಡೆಯೆಲ್ಲ, ಈ ಅತಿಥಿ ಉಪನ್ಯಾಸಕರಲ್ಲೊಬ್ಬರನ್ನು ಸಹ-ಸಂಶೋಧಕರಾಗಿ ಸೇರಿಸಿಕೊಳ್ಳಿ. ಕುಲಪತಿಗಳನ್ನು ಕಾಣುವಾಗ ಉದ್ದದ ಮನವಿ ಬೇಡ: ಆ ಲೆಕ್ಕಿಗ, ಓವರ್‌ಹೆಡ್ ನಿರ್ಣಯ, ಖರೀದಿಯ ಸುತ್ತೋಲೆ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು, ಹಣಕಾಸು ಅಧಿಕಾರಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.