ಚೀಟಿಯಲ್ಲಿಲ್ಲದ ಮಾತ್ರೆ

ಪತ್ರ: ಜಗಳೂರು ತಾಲ್ಲೂಕಿನ ಓದುಗರೊಬ್ಬರು ಬರೆದದ್ದು. ಹೆಸರು, ಊರು ಎರಡೂ ಬೇಡ ಎಂದಿದ್ದಾರೆ. ಸಾರ ಇಷ್ಟು: ಅವರ ನಾದಿನಿಗೆ 23 ವರ್ಷ, ಇನ್ನೂ ಮದುವೆಯಾಗಿಲ್ಲ, ಚಿತ್ರದುರ್ಗದಿಂದ ಒಂದು ಸಂಬಂಧ ಬಂದಿದೆ. ಕಳೆದ ವರ್ಷ ನಿದ್ದೆಗೆಟ್ಟು, ಯಾರೋ ಬೈಯುತ್ತಿದ್ದಾರೆ ಎಂದು ಒಬ್ಬಳೇ ಮಾತಾಡತೊಡಗಿದಳು. ದೆವ್ವ ಬಿಡಿಸುವ ಕ್ಷೇತ್ರವೆಂದು ಜನ ನಂಬುವ ಉಕ್ಕಡಗಾತ್ರಿಗೆ, ಅಜ್ಜಯ್ಯನ ಸನ್ನಿಧಿಗೆ ಕರೆದೊಯ್ದರು. ಆಮೇಲೆ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ತೋರಿಸಿದರು. ಮಾತ್ರೆ ಹಿಡಿಯಿತು, ಹುಡುಗಿ ಮತ್ತೆ ಹೊಲಿಗೆ ಮಿಷನ್ ಮುಂದೆ ಕೂತಳು. ಆದರೆ ಐದು ತಿಂಗಳಿಂದ ಮುಟ್ಟಾಗಿಲ್ಲ, ಎದೆಯಲ್ಲಿ ಹಾಲು ಬರುತ್ತಿದೆ. ಅತ್ತೆ ಗುಟ್ಟಾಗಿ ಬಸಿರಿನ ಕಿಟ್ ತರಿಸಿ ಎರಡು ಸಲ ಪರೀಕ್ಷೆ ಮಾಡಿಸಿದರು. ಎರಡು ಸಲವೂ ಒಂದೇ ಗೆರೆ, ಅಂದರೆ ಬಸಿರಿಲ್ಲ. ಆದರೂ ಅನುಮಾನ ಹೋಗಲಿಲ್ಲ. ಮಾತ್ರೆಯಿಂದ ಹೀಗಾಗಿರಬಹುದು ಎಂದು ಸೊಸೆ ಹೇಳಿದಾಗ ಅತ್ತೆ ಮಾತ್ರೆಯನ್ನೇ ನಿಲ್ಲಿಸಿದರು. ಮೂರು ವಾರದಲ್ಲಿ ಹುಡುಗಿಗೆ ಮತ್ತೆ ದನಿಗಳು ಕೇಳಿಸತೊಡಗಿದವು. ಈಗ ಪುನಃ ಶುರು ಮಾಡಿದ್ದಾರೆ. “ನಮ್ಮ ನಾದಿನಿ ಯಾವ ತಪ್ಪೂ ಮಾಡಿಲ್ಲ ಸಾರ್. ಮಾತ್ರೆ ಬಿಟ್ರೆ ತಲೆ ಕೆಡ್ತೈತೆ, ತಗೊಂಡ್ರೆ ಹಿಂಗಾಗ್ತೈತೆ. ಯಾರಿಗೆ ಹೇಳಾಣ?” ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ತಾಯಿ,

ನೀವು ಪತ್ರದ ಜೊತೆ ಕಳಿಸಿದ ವೈದ್ಯರ ಚೀಟಿಯ ಜೆರಾಕ್ಸ್ ಪ್ರತಿ ಮತ್ತು ಪಿನ್ನು ಚುಚ್ಚಿಟ್ಟ ಗ್ಯಾಸ್ ಮಾತ್ರೆಯ ಖಾಲಿ ಸ್ಟ್ರಿಪ್, ಎರಡೂ ನನ್ನ ಮೇಜಿನ ಮೇಲಿವೆ. ನಾನು ವೈದ್ಯನಲ್ಲ. ಪರಿಚಯದ ಮನೋವೈದ್ಯರೊಬ್ಬರಿಗೆ ಪತ್ರ ಓದಿ ಹೇಳಿದೆ. ರೋಗಿಯನ್ನು ನೋಡದೆ ತೀರ್ಮಾನ ಹೇಳುವುದಿಲ್ಲ, ಆದರೆ ಮೊದಲ ಅನುಮಾನ ಮಾತ್ರೆಯ ಮೇಲೇ ಎಂದರು. ನಿಮ್ಮ ಊಹೆ ಸರಿಯಿದೆ. ಮದುವೆಯಾಗದ, ಬಸಿರಿಲ್ಲದ ಹೆಣ್ಣುಮಗಳಿಗೆ ಎದೆಹಾಲು ಬರಬಹುದು, ಮುಟ್ಟು ನಿಲ್ಲಬಹುದು, ಅದಕ್ಕೆ ಬರೀ ಒಂದು ಮಾತ್ರೆ ಕಾರಣವಾಗಿರಬಹುದು. ಇದು ಅಪರೂಪದ ಸಂಗತಿಯೂ ಅಲ್ಲ, ಹೊಸದೂ ಅಲ್ಲ. ಇಲ್ಲದ ದನಿ ಕೇಳಿಸುವ ಕಾಯಿಲೆಗೆ ಕೊಡುವ ಈ ಬಗೆಯ ಮೊದಲ ಔಷಧಿ ಕ್ಲೋರ್‌ಪ್ರೊಮಜಿನ್ 1952ರಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂತು. ಅದೇ ದಶಕದಲ್ಲೇ ವೈದ್ಯರು ಇದನ್ನು ಗಮನಿಸಿ ಬರೆದಿದ್ದಾರೆ.

ಜೆರಾಕ್ಸಿನಲ್ಲಿ ಎರಡು ಹೆಸರಿವೆ. ರಾತ್ರಿ ರಿಸ್ಪೆರಿಡೋನ್ 4 ಮಿಲಿಗ್ರಾಂ, ಬೆಳಿಗ್ಗೆ ಟ್ರೈಹೆಕ್ಸಿಫೆನಿಡಿಲ್ 2 ಮಿಲಿಗ್ರಾಂ. ಎರಡನೆಯದು ಕೈಕಾಲು ಬಿಗಿಯಾಗದಿರಲಿ, ನಡುಗದಿರಲಿ ಎಂದು ಕೊಡುವುದು. ಅದರ ಗೊಡವೆ ಇಲ್ಲಿ ಬೇಡ. ರಿಸ್ಪೆರಿಡೋನ್ ಮಾತ್ರ ಈ ತೊಂದರೆಗೆ ಹೆಸರಾದ ಮಾತ್ರೆ.

ಆಗುವುದು ಹೀಗೆ. ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಅಲ್ಲಿಂದ ಬರುತ್ತದೆ. ಬಾಣಂತಿಗೆ ಹಾಲು ಬರುವುದು ಅದರಿಂದ. ಉಳಿದ ಕಾಲದಲ್ಲಿ ಅದು ಹೆಚ್ಚು ಹರಿಯದಂತೆ ತೂಬು ಮುಚ್ಚಿಟ್ಟು ಕಾಯುವ ನೀರುಗಂಟಿಯೊಬ್ಬ ಇದ್ದಾನೆ, ಅವನೇ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ. ಇಲ್ಲದ ದನಿ ಕೇಳಿಸುವ, ಸುಳ್ಳು ಸಂಶಯ ಹುಟ್ಟುವ ಕಾಯಿಲೆಯಲ್ಲಿ ಮಿದುಳಿನ ಒಂದು ಭಾಗದಲ್ಲಿ ಇದೇ ಡೋಪಮಿನ್ನಿನ ಆಟ ಜಾಸ್ತಿಯಾಗಿರುತ್ತದೆ. ಅದಕ್ಕೇ ಮಾತ್ರೆ ಅದನ್ನು ತಡೆಯುತ್ತದೆ. ಆದರೆ ಮಾತ್ರೆಗೆ ಈ ಭಾಗ, ಆ ಭಾಗ ಎಂಬ ಭೇದ ಗೊತ್ತಿಲ್ಲ. ಪಿಟ್ಯುಟರಿಯಲ್ಲೂ ತಡೆಯುತ್ತದೆ, ಪ್ರೊಲ್ಯಾಕ್ಟಿನ್ ಏರುತ್ತದೆ. ಅದು ಏರಿದರೆ ಅಂಡಾಶಯವನ್ನು ನಡೆಸುವ ಹಾರ್ಮೋನುಗಳು ತಗ್ಗುತ್ತವೆ, ಮುಟ್ಟು ನಿಲ್ಲುತ್ತದೆ. ನಿಮ್ಮ ನಾದಿನಿಯ ಮೈ ತನ್ನನ್ನು ತಾನು ಬಾಣಂತಿ ಎಂದುಕೊಂಡಿದೆ, ಅಷ್ಟೆ. ನಡತೆಗೂ ಇದಕ್ಕೂ ಸಂಬಂಧವೇ ಇಲ್ಲ.

ಇನ್ನು ಆ ಖಾಲಿ ಸ್ಟ್ರಿಪ್. ನೀವು ಅದನ್ನು ಕಳಿಸಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. “ಹೊಟ್ಟೆ ಉಬ್ಬರ ಅಂತ ನಮ್ಮತ್ತೆ ತಗೊಳ್ಳೋ ಗ್ಯಾಸ್ ಮಾತ್ರೆ, ಇವಳಿಗೂ ಅದನ್ನೇ ದಿನಾ ಕೊಡ್ತಾರೆ” ಎಂದು ಕೊನೆಯಲ್ಲಿ ಸುಮ್ಮನೆ ಒಂದು ಸಾಲು ಸೇರಿಸಿದ್ದೀರಿ. ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಾಲು. ಸ್ಟ್ರಿಪ್ಪಿನ ಬೆನ್ನ ಮೇಲೆ ಸಣ್ಣಕ್ಷರದಲ್ಲಿ ಎರಡು ಔಷಧಿಗಳ ಹೆಸರಿವೆ: ರಾಬೆಪ್ರಜೋಲ್ 20, ಲೆವೊಸಲ್ಪಿರೈಡ್ 75. ಮೊದಲನೆಯದು ಆಸಿಡ್ ತಗ್ಗಿಸುವುದು. ಎರಡನೆಯದು ಹುಟ್ಟಿನಿಂದ ಮನೋರೋಗದ ಔಷಧಿಗಳ ಕುಲದ್ದೇ. ಅದೂ ಡೋಪಮಿನ್ ತಡೆಯುತ್ತದೆ. ಹೊಟ್ಟೆಯಲ್ಲಿ ಆ ತಡೆಯಿಂದ ಊಟ ಬೇಗ ಕೆಳಗಿಳಿಯುತ್ತದೆ, ಉಬ್ಬರ ಕಡಿಮೆಯಾಗುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ ಗ್ಯಾಸಿನ ಕ್ಯಾಪ್ಸೂಲಿಗೆ ಸೇರಿಸಿ ಮಾರುತ್ತಾರೆ. ಪ್ರೊಲ್ಯಾಕ್ಟಿನ್ ಏರಿಸುವುದರಲ್ಲಿ ಇದು ರಿಸ್ಪೆರಿಡೋನಿಗೆ ಕಡಿಮೆಯದಲ್ಲ. ಪಿಟ್ಯುಟರಿಯು ಮಿದುಳಿನ ರಕ್ಷಣಾ ಗೋಡೆಯ ಹೊರಗಿದೆ. ಮಿದುಳಿನೊಳಗೆ ಸುಲಭವಾಗಿ ನುಗ್ಗಲಾರದ ಇಂಥ ಔಷಧಿಗಳು ಕೂಡ ಅಲ್ಲಿ ತಮ್ಮ ಕೆಲಸ ಪೂರ್ತಿ ಮಾಡುತ್ತವೆ. ವಾಂತಿಗೆ ಕೊಡುವ ಡೊಂಪೆರಿಡೋನ್ ಕೂಡ ಇದೇ ಜಾತಿ.

ಅಂದರೆ ಹುಡುಗಿ ಒಂದು ಮಾತ್ರೆಯನ್ನು ಮನೋವೈದ್ಯರ ಚೀಟಿಯಿಂದ, ಅದೇ ಕೆಲಸ ಮಾಡುವ ಇನ್ನೊಂದನ್ನು ಅವ್ವನ ಕೈಯಿಂದ ನುಂಗುತ್ತಿದ್ದಾಳೆ. ವೈದ್ಯರಿಗೆ ಎರಡನೆಯದು ಗೊತ್ತೇ ಇಲ್ಲ. ಚೀಟಿಯಲ್ಲಿ ಇಲ್ಲವಲ್ಲ! ಲೆವೊಸಲ್ಪಿರೈಡ್ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿ. ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಶಾಪುಗಳಲ್ಲಿ “ಗ್ಯಾಸಿಗೆ ಒಂದು ಕೊಡ್ರಿ” ಎಂದರೆ ಸಾಕು, ಕೈಗೆ ಬರುತ್ತದೆ. ಮಿರ್ಚಿ ಮಂಡಕ್ಕಿ ಊರಿನಲ್ಲಿ ಗ್ಯಾಸಿಗೇನು ಬರವೇ. ಅತ್ತೆಯವರ ವಿಷಯವನ್ನೂ ಹೇಳಿಬಿಡುತ್ತೇನೆ. ವಯಸ್ಸಾದವರು ಈ ಕ್ಯಾಪ್ಸೂಲನ್ನು ವರ್ಷಗಟ್ಟಲೆ ತಗೊಂಡರೆ ಕೈ ನಡುಕ, ನಡಿಗೆ ನಿಧಾನವಾಗುವುದು, ಪಾರ್ಕಿನ್ಸನ್ ಕಾಯಿಲೆಯ ಹಾಗೇ ಕಾಣುವ ಲಕ್ಷಣಗಳು ಬರುವುದುಂಟು. ಅವರಿಗೆ ಅಂಥದ್ದೇನಾದರೂ ಇದ್ದರೆ ಅವರನ್ನೂ ತೋರಿಸಿ.

ಹಾಗಾದರೆ ಎರಡನ್ನೂ ನಿಲ್ಲಿಸಿಬಿಡೋಣವೇ? ಗ್ಯಾಸಿನ ಕ್ಯಾಪ್ಸೂಲು ಹುಡುಗಿಗೆ ಬರೆದುಕೊಟ್ಟದ್ದಲ್ಲ. ಅದು ಬೇಕೇ ಎಂದು ಫೋನಿನಲ್ಲೇ ವೈದ್ಯರನ್ನು ಕೇಳಿ, ಹೆಚ್ಚಾಗಿ ಬೇಡ ಎಂದೇ ಹೇಳುತ್ತಾರೆ. ರಿಸ್ಪೆರಿಡೋನನ್ನು ಮಾತ್ರ ನೀವಾಗಿ ಮುಟ್ಟಬೇಡಿ. ಮೂರು ವಾರ ಬಿಟ್ಟಾಗ ಏನಾಯಿತು ಎಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು. ಹಾಲು ಬರುವುದು ಮುಜುಗರದ ಸಂಗತಿ, ಆದರೆ ಅದರಿಂದ ಇವತ್ತು ಜೀವಕ್ಕೆ ಅಪಾಯವಿಲ್ಲ. ಕಾಯಿಲೆ ಮರುಕಳಿಸಿದರೆ ಅಪಾಯವಿದೆ. ಹಾಗೆಂದು ಇರಲಿ ಬಿಡು ಎನ್ನುವಂತೆಯೂ ಇಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಟ್ಟು ನಿಂತರೆ ಈಸ್ಟ್ರೋಜನ್ ತಗ್ಗಿ ಮೂಳೆ ಸವೆಯುತ್ತದೆ. 23ರ ವಯಸ್ಸು ಮೂಳೆ ಗಟ್ಟಿಯಾಗಬೇಕಾದ ವಯಸ್ಸು.

ಮೊದಲ ಕೆಲಸ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ನೋಡಿಸುವುದು. ದಾವಣಗೆರೆಯಲ್ಲಿ ಇದಕ್ಕೆ ಲ್ಯಾಬಿನ ಕೊರತೆಯಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಆದರೆ ಎದ್ದ ಕೂಡಲೇ ಅಲ್ಲ, ನಿದ್ದೆಯಲ್ಲಿ ಈ ಹಾರ್ಮೋನು ತಾನಾಗಿಯೇ ಏರಿರುತ್ತದೆ. ಗಾಬರಿಗೂ ಏರುತ್ತದೆ. ಆದ್ದರಿಂದ ಜಗಳೂರು ಬಸ್ಸಿನಲ್ಲಿ ನಿಂತು ಬಂದು, ಇಳಿದವಳೇ ಲ್ಯಾಬಿಗೆ ಓಡಿ ಕೈ ಚಾಚುವುದು ಬೇಡ. ಅರ್ಧ ಗಂಟೆ ಕೂರಲಿ. ಸಾಮಾನ್ಯವಾಗಿ ಹೆಂಗಸರಿಗೆ ಮಿಲಿಲೀಟರಿಗೆ 25 ನ್ಯಾನೋಗ್ರಾಂ ಒಳಗಿದ್ದರೆ ಸರಿ ಎಂದು ಲ್ಯಾಬಿನವರು ಬರೆಯುತ್ತಾರೆ. ಮಾತ್ರೆಯಿಂದಾದರೆ ನೂರರ ಆಸುಪಾಸಿಗೆ ಹೋಗುವುದು ಸಾಮಾನ್ಯ; ರಿಸ್ಪೆರಿಡೋನಿನಲ್ಲಿ ಇನ್ನೂರು ಮುಟ್ಟಿದ್ದೂ ಉಂಟು. ಅಂಕಿ ನೋಡಿ ಹೆದರಬೇಡಿ. ಜೊತೆಗೆ ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆಯೂ ಆಗಲಿ. ಥೈರಾಯ್ಡ್ ತಗ್ಗಿದರೂ ಪ್ರೊಲ್ಯಾಕ್ಟಿನ್ ಏರುತ್ತದೆ. ಬಸಿರಿನ ಪರೀಕ್ಷೆಯನ್ನು ವೈದ್ಯರು ಮತ್ತೆ ಕೇಳಬಹುದು, ಅದು ಅವರು ಎಲ್ಲರಿಗೂ ಕೇಳುವ ಕ್ರಮ, ಅನುಮಾನವಲ್ಲ. ಇದನ್ನು ಹುಡುಗಿಗೆ ಮುಂಚೆಯೇ ಹೇಳಿ ಕರೆದೊಯ್ಯಿರಿ. ಬಿಡದ ತಲೆನೋವು, ಪಕ್ಕದಲ್ಲಿರುವುದು ಕಣ್ಣಿಗೆ ಕಾಣದಂತಾಗುವುದು ಇದ್ದರೆ ತಡಮಾಡದೆ ಹೇಳಿ. ಪಿಟ್ಯುಟರಿಯಲ್ಲಿ ಗಡ್ಡೆ ಇದೆಯೇ ಎಂದು ಎಂಆರ್‌ಐ ಮಾಡಿಸುತ್ತಾರೆ. ಎದೆಯಲ್ಲಿ ಗಂಟು ಸಿಕ್ಕರೆ, ಹಾಲಿನ ಬದಲು ರಕ್ತ ಕಂಡರೆ ಅದು ಬೇರೆಯೇ ವಿಷಯ, ಸರ್ಜನ್ ಹತ್ತಿರ ಹೋಗಬೇಕು.

ಪರಿಹಾರ ಒಂದಲ್ಲ, ನಾಲ್ಕಾರು ಇವೆ. ಡೋಸು ಇಳಿಸಿ ನೋಡಬಹುದು. ಕ್ವೆಟಿಯಾಪಿನ್‌ನಂಥ, ಪ್ರೊಲ್ಯಾಕ್ಟಿನ್ ಅಷ್ಟಾಗಿ ಏರಿಸದ ಮಾತ್ರೆಗೆ ನಿಧಾನವಾಗಿ ಬದಲಿಸಬಹುದು. ಇದ್ದ ಮಾತ್ರೆಯ ಜೊತೆಗೇ ಅರಿಪಿಪ್ರಜೋಲ್ ಸ್ವಲ್ಪ ಸೇರಿಸಿದರೆ ಪ್ರೊಲ್ಯಾಕ್ಟಿನ್ ಇಳಿಯುವುದುಂಟು. ಓಲಾಂಜಪಿನ್ನಿನಲ್ಲಿ ಹಾಲಿನ ಕಾಟ ಕಡಿಮೆ, ಆದರೆ ತೂಕ ಮತ್ತು ಸಕ್ಕರೆ ಏರುತ್ತವೆ. ಒಂದನ್ನು ಬಿಟ್ಟು ಇನ್ನೊಂದು ಹಿಡಿದ ಹಾಗೆ. ಯಾವುದು ಎಂಬುದು ಆಕೆಯ ಕಾಯಿಲೆ ಎಷ್ಟು ಹಟಮಾರಿ ಎಂಬುದರ ಮೇಲೆ ನಿಂತಿದೆ, ಅದನ್ನು ಮನೋವೈದ್ಯರೇ ಹೇಳಬೇಕು. ಹೆಂಗಸರ ಡಾಕ್ಟರ ಹತ್ತಿರ ಮೊದಲು ಹೋದರೆ ಅವರು ಕ್ಯಾಬರ್ಗೋಲಿನ್ ಬರೆಯಬಹುದು. ಪ್ರೊಲ್ಯಾಕ್ಟಿನ್ ಅದರಿಂದ ಇಳಿಯುತ್ತದೆ ನಿಜ, ಆದರೆ ಅದು ಡೋಪಮಿನ್ನಿನ ಕೆಲಸವನ್ನು ತಾನೇ ಮಾಡುವ ಔಷಧಿ, ಹುಡುಗಿಯ ಹಳೆಯ ಕಾಯಿಲೆಯನ್ನು ಕೆಣಕಬಲ್ಲದು. ಆದ್ದರಿಂದ ಇಬ್ಬರು ಡಾಕ್ಟರಿಗೂ ಎರಡೂ ಚೀಟಿ ತೋರಿಸದೆ ಯಾವುದನ್ನೂ ಶುರು ಮಾಡಬೇಡಿ.

ನಿಮ್ಮದೇ ದಾರಿಯಲ್ಲಿರುವ ಇತರ ಓದುಗರಿಗಾಗಿ ಎರಡು ಮಾತು. ಗಂಡಸರಿಗೂ ಇದು ಬರುತ್ತದೆ: ಎದೆ ಉಬ್ಬುವುದು, ಲೈಂಗಿಕ ಆಸಕ್ತಿ ಕುಗ್ಗುವುದು. ಅವರು ಪತ್ರ ಬರೆಯುವುದಿಲ್ಲ, ಅಂಗಿ ಬಿಚ್ಚಿ ಬಾವಿಯಲ್ಲಿ ಈಜುವುದನ್ನು ನಿಲ್ಲಿಸುತ್ತಾರೆ, ಇಲ್ಲವೇ ಮಾತ್ರೆಯನ್ನು ಗುಟ್ಟಾಗಿ ಚರಂಡಿಗೆ ಎಸೆಯುತ್ತಾರೆ. ಅಮೆರಿಕದಲ್ಲಿ ಹುಡುಗರಾಗಿದ್ದಾಗ ರಿಸ್ಪೆರಿಡೋನ್ ತಗೊಂಡು ಎದೆ ಬೆಳೆದವರು ಕೋರ್ಟಿಗೆ ಹೋದರು. 2019ರಲ್ಲಿ ಫಿಲಡೆಲ್ಫಿಯಾದ ಜ್ಯೂರಿ ಒಂದೇ ಮೊಕದ್ದಮೆಯಲ್ಲಿ ಕಂಪನಿಗೆ 800 ಕೋಟಿ ಡಾಲರ್ ದಂಡ ಹಾಕಿತು. ಮುಂದಿನ ವರ್ಷ ನ್ಯಾಯಾಧೀಶರು ಅದನ್ನು 68 ಲಕ್ಷ ಡಾಲರಿಗೆ ಇಳಿಸಿದರು, ಅದು ಬೇರೆ ಮಾತು. ಮನಸ್ಸಿನ ಏರಿಳಿತದ ಕಾಯಿಲೆಗೆ ಲಿಥಿಯಂ ತಗೊಳ್ಳುವವರು ಆರು ತಿಂಗಳಿಗೊಮ್ಮೆ ಥೈರಾಯ್ಡ್ ನೋಡಿಸಬೇಕು, ಅದು ಥೈರಾಯ್ಡನ್ನು ತಗ್ಗಿಸಬಲ್ಲದು. ಅದೇ ಕಾಯಿಲೆಗೋ ಮೂರ್ಛೆರೋಗಕ್ಕೋ ವಾಲ್ಪ್ರೊಯೇಟ್ ತಗೊಳ್ಳುವ ಹೆಣ್ಣುಮಕ್ಕಳು ಮದುವೆಯ ಮಾತು ಬಂದ ದಿನವೇ ವೈದ್ಯರಿಗೆ ಹೇಳಿ. ಹೊಟ್ಟೆಯಲ್ಲಿರುವ ಮಗುವಿಗೆ ಅದು ನಿಜವಾಗಿಯೂ ಅಪಾಯಕಾರಿ.

ಇದನ್ನು ಓದಿದ ಮೇಲೆ “ಅದಕ್ಕೇ ಇಂಗ್ಲಿಷ್ ಮದ್ದು ಬೇಡ, ನಾಟಿ ಔಷಧಿ ಒಳ್ಳೇದು” ಎಂದು ಪತ್ರ ಬರೆಯಲು ಪೆನ್ನು ತೆಗೆದವರು ತಡೆಯಿರಿ. ಹುಚ್ಚಿಗೆ ನಮ್ಮಲ್ಲಿ ತಲೆತಲಾಂತರದಿಂದ ಕೊಡುತ್ತಿದ್ದ ಬೇರು ಸರ್ಪಗಂಧ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದರ ಮೇಲೆ ಲೇಖನ ಬರೆದರು. ಅದರಿಂದ ತೆಗೆದ ರಿಸರ್ಪಿನ್ ಕೂಡ ಡೋಪಮಿನ್ನಿನ ಸಂಗ್ರಹವನ್ನೇ ಬರಿದು ಮಾಡುತ್ತದೆ, ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಬೇರಿನಿಂದ ಬಂದರೂ ಅಷ್ಟೇ, ಕಾರ್ಖಾನೆಯಿಂದ ಬಂದರೂ ಅಷ್ಟೇ. ಇನ್ನು ಉಕ್ಕಡಗಾತ್ರಿ. ಅಜ್ಜಯ್ಯನ ಸನ್ನಿಧಿಗೆ ಹೋಗಿ ಬಂದರೆ ನಿಮ್ಮ ಅತ್ತೆಗೆ ಧೈರ್ಯ ಬರುತ್ತದೆಂದರೆ ಧಾರಾಳವಾಗಿ ಹೋಗಿ. ರಾತ್ರಿಯ ಮಾತ್ರೆ ಚೀಲದಲ್ಲಿರಲಿ.

ಹಿಂದೊಮ್ಮೆ ಮುಟ್ಟಿನ ವಿಷಯ ಎತ್ತಿದಾಗ “ಅದಕ್ಕೂ ಇದಕ್ಕೂ ಸಂಬಂಧ ಇಲ್ಲ” ಎಂದು ಆಸ್ಪತ್ರೆಯಲ್ಲಿ ಸಾಗಹಾಕಿದರು ಎಂದು ಬರೆದಿದ್ದೀರಿ. ನನಗೆ ಸಿಟ್ಟು ಬಂದದ್ದು ಅಲ್ಲಿ. ಕ್ಯೂ ಉದ್ದ ಇರುತ್ತದೆ, ಒಬ್ಬೊಬ್ಬರಿಗೆ ಐದು ನಿಮಿಷವೂ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೂ ಈ ಮಾತ್ರೆ ಬರೆಯುವಾಗ “ಮುಟ್ಟು ಸರಿಯಾಗಿ ಆಗ್ತಿದೆಯೇನಮ್ಮ?” ಎಂದು ಕೇಳಲು ಎಷ್ಟು ಹೊತ್ತು ಬೇಕು? ಕೇಳಿದ್ದರೆ ಆ ಕಿಟ್ಟುಗಳ ಅವಮಾನ ಹುಡುಗಿಗೆ ತಪ್ಪುತ್ತಿತ್ತು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 22ನೇ ಸೆಕ್ಷನ್ ಓದಿ: ಚಿಕಿತ್ಸೆ ಏನು, ಅದರ ಗೊತ್ತಿರುವ ಅಡ್ಡಪರಿಣಾಮಗಳೇನು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು ಎಂದಿದೆ. ಜಗಳ ಮಾಡಲು ಹೇಳುತ್ತಿಲ್ಲ. ಕೇಳುವುದು ನಿಮ್ಮ ಹಕ್ಕು ಎಂದು ಗೊತ್ತಿದ್ದರೆ ದನಿ ನಡುಗುವುದಿಲ್ಲ.

ಆ ಡಾಕ್ಟರ ಬಳಿಗೇ ಮತ್ತೆ ಹೋಗಲು ಮನಸ್ಸಿಲ್ಲದಿದ್ದರೆ ಬೇರೆ ದಾರಿಯಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮವಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಕೊಡಬೇಕಿಲ್ಲ. ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಕೊನೆಯ ಮುಟ್ಟಿನ ತಾರೀಖು, ಹಾಲು ಶುರುವಾದ ತಿಂಗಳು, ಮಾತ್ರೆ ಬಿಟ್ಟ ದಿನಗಳು. ಬಾಯಲ್ಲಿ ಹೇಳಲು ನಾಚಿಕೆಯಾದರೆ ಹಾಳೆಯನ್ನೇ ಮುಂದಿಡಿ. ಗ್ಯಾಸಿನ ಕ್ಯಾಪ್ಸೂಲಿನ ಸ್ಟ್ರಿಪ್ಪೂ ಜೊತೆಗಿರಲಿ, ನಿಮ್ಮದನ್ನು ಈ ಪತ್ರದ ಜೊತೆ ವಾಪಸು ಕಳಿಸುತ್ತಿದ್ದೇನೆ.

ಉಳಿದದ್ದು ಅತ್ತೆಯವರಿಗೆ ಯಾರು ಹೇಳಬೇಕು ಎಂಬುದು. ಸೊಸೆಯ ಬಾಯಲ್ಲಿ “ನೀವು ಕೊಟ್ಟ ಮಾತ್ರೆ” ಎಂಬ ಮಾತು ಬಂದರೆ ಮನೆಯಲ್ಲಿ ಬೆಂಕಿ ಹತ್ತುತ್ತದೆ, ಆ ಉಸಾಬರಿ ನಿಮಗೆ ಬೇಡ. ಅವರನ್ನೂ ಜೊತೆಗೇ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ. ನಿಮ್ಮ ಯಜಮಾನರಿಗೆ ಮಾತ್ರ ಇವತ್ತೇ ಹೇಳಿ. ತಂಗಿಯ ಮೇಲೆ ಅವ್ವ ಏನು ಅನುಮಾನ ಪಟ್ಟಿದ್ದಾರೆಂದು ಅವರಿಗೆ ಇನ್ನೂ ಗೊತ್ತಿಲ್ಲ ಎಂದು ಬರೆದಿದ್ದೀರಿ, ಅದು ಸರಿಯಲ್ಲ. ಚಿತ್ರದುರ್ಗದ ಸಂಬಂಧದವರಿಗೆ ಎರಡು ತಿಂಗಳು ತಡೆಯಿರಿ ಎನ್ನಲಿ. ರಿಪೋರ್ಟ್ ಬಂದ ಮೇಲೆ ನನಗೊಂದು ಕಾರ್ಡು ಹಾಕಿ.

— ಸಂಪಾದಕ